ಬೆಳ್ಳಗಿರುವುದೆಲ್ಲ ಬೂಷ್ಟಲ್ಲ

ಹೋದ ಚಳಿಗಾಲದಲ್ಲಿ ಸಿಂಧನೂರು ಕಡೆಯ ಹುಡುಗನೊಬ್ಬ ನಮ್ಮಲ್ಲಿಗೆ ಬಂದು ನಾಲ್ಕು ದಿನ ಅಣಬೆ ಕೆಲಸ ನೋಡಿಕೊಂಡು ಹೋದ. ಊರಿಗೆ ಹೋಗಿ, ಬೇಯಿಸಿದ ನೆಲ್ಲು ಹುಲ್ಲಿಗೆ ಅಣಬೆ ಬೀಜ ಬೆರೆಸಿ 32 ಪಾಲಿಥೀನ್ ಚೀಲ ಕಟ್ಟಿದ. ಒಂಬತ್ತನೇ ದಿನ ಬೆಳಿಗ್ಗೆ ಅವನ ಫೋನು. "ಅಕ್ಕಾ, ಎಲ್ಲ ಚೀಲಕ್ಕೂ ಬೂಷ್ಟು ಹಿಡಿದಿತ್ತು. ಒಳಗೆಲ್ಲ ಬೆಳ್ಳಗೆ, ಹತ್ತಿ ತುಂಬಿದ ಹಾಗೆ. ರಾತ್ರಿಯೇ ತಿಪ್ಪೆಗೆ ಹಾಕಿಬಿಟ್ಟೆ."

ನಾನು ತಲೆಯ ಮೇಲೆ ಕೈ ಹೊತ್ತುಕೊಂಡೆ. ಅವನು ಎಸೆದದ್ದು ಬೂಷ್ಟನ್ನಲ್ಲ, ಅಣಬೆಯನ್ನೇ; ಇನ್ನೂ ಕೊಡೆ ಬಿಚ್ಚದ ಅಣಬೆಯನ್ನು. ಎರಡು ವಾರ ಕಳೆದ ಮೇಲೆ ತಿಪ್ಪೆಯ ನೆರಳಿನ ಮಗ್ಗುಲಲ್ಲಿ, ಚೀಲ ಹರಿದ ಕಡೆಗಳಿಂದ ಗೊಂಚಲು ಗೊಂಚಲಾಗಿ ಅಣಬೆ ಎದ್ದು ನಿಂತವು. ಅದರ ಫೋಟೋ ಕಳಿಸಿದ. ಕೆಳಗೆ ಒಂದಕ್ಷರವನ್ನೂ ಬರೆದಿರಲಿಲ್ಲ, ಪಾಪ.

ನಗೋಣವೆಂದರೆ ನನಗೂ ಮುಖವಿರಲಿಲ್ಲ. ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ, ನಮ್ಮ ಎಡದಂಡೆ ಕಾಲುವೆಯ ಊರುಗಳಲ್ಲೆಲ್ಲ ಬೇರೆ ಮಾತೇ ಇಲ್ಲದಿದ್ದ 2024ರ ಆಗಸ್ಟ್‌ನಲ್ಲಿ ನಾನು ಅವನ ತಪ್ಪನ್ನೇ ತಿರುಗಿಸಿ ಮಾಡಿದ್ದೆ. ಬೂಷ್ಟನ್ನು ಅಣಬೆಯೆಂದು ನಂಬಿ ಐದು ದಿನ ಸಾಕಿದ್ದೆ. ಆ ಕಥೆ ಮುಂದೆ ಬರುತ್ತದೆ. ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಹಳೆಯ ಗೋದಾಮಿನಲ್ಲಿ ಚಿಪ್ಪು ಅಣಬೆ ಬೆಳೆಯುತ್ತೇನೆ. ಹೊಸಬರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೊಂದೇ: ಈ ಬಿಳಿ ಅಣಬೆಯ ಎಳೆಯೋ, ಬೂಷ್ಟೋ? ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕುಳಿತಿದ್ದೇನೆ.

ಪ್ರಶ್ನೆಯಲ್ಲೇ ಒಂದು ತೊಡಕಿದೆ, ಅದನ್ನು ಮೊದಲು ಬಿಡಿಸಿಬಿಡುತ್ತೇನೆ. ಬೂಷ್ಟಿನ ಮೈಯೂ ಎಳೆಯೇ. ಅಣಬೆ, ಬೂಷ್ಟು ಎರಡೂ ಶಿಲೀಂಧ್ರಗಳು. ಎರಡಕ್ಕೂ ಬೇರು, ಕಾಂಡ, ಎಲೆ ಎಂಬುದಿಲ್ಲ. ಇರುವುದೆಲ್ಲ ನೂಲಿನಂಥ ಎಳೆ. ಪಾಠದ ಪುಸ್ತಕದಲ್ಲಿ ಒಂದು ಎಳೆಗೆ ಕವಕತಂತು, ಎಳೆಗಳ ಬಲೆಗೆ ಕವಕಜಾಲ ಎನ್ನುತ್ತಾರೆ. ಒಂದು ಎಳೆಯ ದಪ್ಪ 2ರಿಂದ 10 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡರಿಂದ ಹತ್ತು ಪಾಲು. ನಮ್ಮ ತಲೆಗೂದಲು ಅದರ ಮುಂದೆ ಹಗ್ಗ. ಲಕ್ಷಾಂತರ ಎಳೆಗಳು ಒಂದೆಡೆ ಸೇರಿದಾಗ ಮಾತ್ರ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಎಳೆಯ ತುದಿಯಿಂದ ಕಿಣ್ವ ಒಸರುತ್ತದೆ, ಹುಲ್ಲನ್ನು ಹೊರಗೇ ಕರಗಿಸಿ ರಸವನ್ನು ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿಯವರೆಗೆ ಇಬ್ಬರ ಸಂಸಾರವೂ ಒಂದೇ.

ದಾರಿ ಬೇರೆಯಾಗುವುದು ಮಕ್ಕಳ ಹೊತ್ತಿಗೆ. ಅಣಬೆಯ ಜಾತಿ ವಾರಗಟ್ಟಲೆ ಎಳೆಯಾಗಿಯೇ ಹಬ್ಬಿ, ಸಾಕಷ್ಟು ಬಲ ಕೂಡಿಸಿಕೊಂಡ ಮೇಲೆ ಎಳೆಗಳನ್ನೇ ಹೆಣೆದು ಕೊಡೆ ಎತ್ತುತ್ತದೆ. ಅದರ ಬೀಜಕಣಗಳು ಆ ಕೊಡೆಯ ಅಡಿಯಲ್ಲಿ ಹುಟ್ಟುತ್ತವೆ. ಬೂಷ್ಟಿಗೆ ಅಷ್ಟು ತಾಳ್ಮೆಯಿಲ್ಲ. ಮೂರು ನಾಲ್ಕು ದಿನ ಹಬ್ಬಿದ್ದೇ ತಡ, ಎಳೆಯ ತುದಿಯಲ್ಲೇ ಕೋಟಿಗಟ್ಟಲೆ ಬೀಜಕಣ ಹೊತ್ತುಬಿಡುತ್ತದೆ. ಹಸಿರು, ಕಪ್ಪು, ಕಿತ್ತಳೆ ಎಂದು ನಾವು ನೋಡುವುದು ಆ ಬೀಜಕಣಗಳ ಪುಡಿಯ ಬಣ್ಣ. ಪುಡಿ ಕಟ್ಟುವ ಮೊದಲು ಅದೂ ಬೆಳ್ಳಗೇ ಇರುತ್ತದೆ. ಮೋಸ ಆಗುವುದು ಆ ಮೂರು ನಾಲ್ಕು ದಿನಗಳಲ್ಲಿ.

ಬೂಷ್ಟು ಎನ್ನುವುದು ಒಂದು ಜಾತಿಯ ಹೆಸರೂ ಅಲ್ಲ. ಕಳೆ ಎನ್ನುತ್ತೇವಲ್ಲ, ಹಾಗೆ. ನಾಟಿ ಮಾಡಿದ ಗದ್ದೆಯಲ್ಲಿ ನೆಲ್ಲಿನಂತೆಯೇ ಕಾಣುವ ಹುಲ್ಲೊಂದು ಎದ್ದಿರುತ್ತದೆ. ಹೊಸದಾಗಿ ಕಳೆ ಕೀಳಲು ಬಂದವರು ನೆಲ್ಲನ್ನೇ ಕಿತ್ತು ಬೈಸಿಕೊಳ್ಳುತ್ತಾರೆ. ಬಲ್ಲವರು ಎಲೆ ಕಾಂಡಕ್ಕೆ ಕೂಡುವ ಸಂದು ನೋಡುತ್ತಾರೆ: ನೆಲ್ಲಿಗೆ ಅಲ್ಲೊಂದು ತೆಳು ಪೊರೆ ಇರುತ್ತದೆ, ಆ ಹುಲ್ಲಿಗೆ ಇರುವುದಿಲ್ಲ. ಅಣಬೆ ಚೀಲದಲ್ಲಿಯೂ ಬಿಳಿಯನ್ನು ದಿಟ್ಟಿಸುತ್ತ ಕುಳಿತರೆ ಏನೂ ತಿಳಿಯದು. ಎಲ್ಲಿ ನೋಡಬೇಕು ಎಂಬುದು ಗೊತ್ತಿರಬೇಕು.

ಜೋಳದ ಕಾಳಿನಿಂದ ಶುರುಮಾಡಿ

ನಾನು ತರುವ ಅಣಬೆ ಬೀಜ ಬಿಳಿಜೋಳದ ಕಾಳಿನ ಮೇಲೆ ಬೆಳೆಸಿದ್ದು. ಬೇಯಿಸಿ, ಒತ್ತಡದ ಹಬೆಯಲ್ಲಿ ಶುದ್ಧಮಾಡಿದ ಜೋಳದ ಮೇಲೆ ಪ್ರಯೋಗಾಲಯದಲ್ಲಿ ಅಣಬೆಯ ಎಳೆ ಹಬ್ಬಿಸಿರುತ್ತಾರೆ. ಪೊಟ್ಟಣ ಒಡೆದರೆ ಪ್ರತಿ ಕಾಳೂ ಸಕ್ಕರೆ ಸವರಿದ ಹಾಗೆ ಕಾಣುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ: ನಿಮ್ಮ ಅಣಬೆ ಚೀಲದೊಳಗೆ ಹೋದದ್ದು ಈ ಕಾಳಿನ ಮೇಲೆ ಕುಳಿತು. ಆದ್ದರಿಂದ ಅದು ಹೊರಡುವುದೂ ಕಾಳಿನಿಂದಲೇ.

ಚೀಲ ಕಟ್ಟಿದ ಮರುದಿನ ಪಾಲಿಥೀನಿಗೆ ತಾಗಿಕೊಂಡಿರುವ ಒಂದು ಕಾಳನ್ನು ಆರಿಸಿಕೊಂಡು ಅದರ ಸುತ್ತ ಮಾರ್ಕರ್ ಪೆನ್ನಿನಿಂದ ಗುಂಡಗೆ ಗೆರೆ ಎಳೆಯಿರಿ. ಮೊದಲ ದಿನ ಕಾಳು ಸ್ವಲ್ಪ ಮಂಕಾಗಿರುತ್ತದೆ. ಕಲಕಿದಾಗ ಎಳೆಗಳು ಹರಿದಿರುತ್ತವೆ, ಸುಧಾರಿಸಿಕೊಳ್ಳಲು ಹೊತ್ತು ಬೇಕು. ಎರಡನೇ ಅಥವಾ ಮೂರನೇ ದಿನ ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ, ಓರೆಯಾಗಿ ಹಿಡಿದು ನೋಡಿ. ಕಾಳಿನ ಸುತ್ತ ತುಪ್ಪಳ ಎದ್ದಿರುತ್ತದೆ, ಮೊಲದ ಮರಿಯ ಮೈ ಹಾಗೆ. ಐದನೇ ದಿನಕ್ಕೆ ತುಪ್ಪಳದಿಂದ ಕೆಲವು ಎಳೆಗಳು ಮುಂದಾಗಿ ಪಕ್ಕದ ಹುಲ್ಲುಕಡ್ಡಿಗೆ ದಾಟುತ್ತವೆ. ದಾಟಿದ ಮೇಲೆ ಕಡ್ಡಿಯ ಉದ್ದಕ್ಕೇ ಓಡುತ್ತವೆ, ಅಡ್ಡಡ್ಡ ಹರಡುವುದು ಕಡಿಮೆ. ಅಂಚು ನೋಡಿದರೆ ಗರಿಗರಿಯಾಗಿ, ಬೇರುಬೇರಾಗಿ ಕಾಣುತ್ತದೆ. ದಿನ ಕಳೆದಂತೆ ಹಿಂದಿನ ಭಾಗ ದಪ್ಪವಾಗುತ್ತ, ಹಗ್ಗ ಹೊಸೆದ ಹಾಗೆ ಗಟ್ಟಿ ಎಳೆಗಳು ಮೂಡುತ್ತವೆ.

ಬೂಷ್ಟು ಹೊರಡುವ ಜಾಗ ಬೇರೆ. ಚೀಲಕ್ಕೆ ಗಾಳಿಗೆಂದು ಚುಚ್ಚಿದ ತೂತಿನ ಬಾಯಿ, ಬಾಯಿ ಕಟ್ಟಿದ ದಾರದ ಸುತ್ತ, ನೀರಿಳಿದು ನಿಂತ ಅಡಿಯ ಮೂಲೆ, ಸರಿಯಾಗಿ ಬೇಯದ ಹುಲ್ಲಿನ ಗಂಟು: ಇವು ನಾಲ್ಕು ಅದರ ಬಾಗಿಲುಗಳು. ಹತ್ತಿರದಲ್ಲಿ ಒಂದೂ ಕಾಳಿಲ್ಲದೆ, ತಾನಾಗಿಯೇ ಒಂದು ಬಿಳಿ ಮಚ್ಚೆ ಎದ್ದಿದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಮಚ್ಚೆ ಗುಂಡಗೆ, ತಟ್ಟೆಯ ಹಾಗೆ ಚಪ್ಪಟೆಯಾಗಿ, ಹುಲ್ಲು, ಕಾಳು, ಪಾಲಿಥೀನ್ ಯಾವುದನ್ನೂ ಲೆಕ್ಕಿಸದೆ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಆಗಲೂ ಚೀಲ ಎಸೆಯುವುದಿಲ್ಲ. ಮಚ್ಚೆಯ ಅಂಚಿಗೆ ಸರಿಯಾಗಿ ಗೆರೆ ಹಾಕಿ ಪಕ್ಕದಲ್ಲಿ ತಾರೀಖು ಬರೆಯುತ್ತೇನೆ. ಮರುದಿನ ಅದೇ ಹೊತ್ತಿಗೆ ಬಂದು ನೋಡುತ್ತೇನೆ. ನನ್ನ ಗೋದಾಮಿನ ಲೆಕ್ಕದಲ್ಲಿ ಚಿಪ್ಪು ಅಣಬೆಯ ಎಳೆ ದಿನಕ್ಕೆ ಅರ್ಧ ಸೆಂಟಿಮೀಟರಿನ ಆಸುಪಾಸು ಮುಂದೆ ಹೋಗುತ್ತದೆ, ಚಳಿಯಲ್ಲಿ ಇನ್ನೂ ಕಡಿಮೆ. ಹಸಿರು ಬೂಷ್ಟು ಒಂದೂವರೆ ಸೆಂಟಿಮೀಟರ್ ದಾಟಿಬಿಡುತ್ತದೆ. ಗೆರೆಯಿಂದ ಒಂದು ಬೆರಳಗಲ ಆಚೆ ಹೋಗಿದ್ದರೆ ಚೀಲವನ್ನು ಬೇರೆ ಕೋಣೆಗೆ ಸಾಗಿಸುತ್ತೇನೆ, ಅಷ್ಟೆ. ತೀರ್ಪು ಮೂರನೇ ದಿನಕ್ಕೆ. ಅಷ್ಟರಲ್ಲಿ ಅದು ಬೂಷ್ಟೇ ಆಗಿದ್ದರೆ ನಡುವಿನಿಂದ ಬಣ್ಣ ತಿರುಗಲು ಶುರುವಾಗಿರುತ್ತದೆ. ನಡುವೆ ಹಸಿರು, ಸುತ್ತ ಬಿಳಿ ಅಂಚು. ಆ ಬಿಳಿ ಅಂಚು ನಾಳೆಯ ಹಸಿರು.

ಬೆರಳು ಇನ್ನೊಂದು ಸಾಧನ. ಹನ್ನೆರಡು ಹದಿನೈದು ದಿನದ ಚೀಲವನ್ನು ಹೊರಗಿನಿಂದ ಒತ್ತಿ ನೋಡಿ. ಅಣಬೆಯ ಎಳೆ ಹುಲ್ಲನ್ನು ಹೊಲಿದುಬಿಟ್ಟಿರುತ್ತದೆ. ಹಬ್ಬಿದ ಕಡೆ ಚೀಲ ಹಲಗೆಯ ಹಾಗೆ ಗಟ್ಟಿ. ತಟ್ಟಿದರೆ ಮಾಗಿದ ಕಲ್ಲಂಗಡಿ ತಟ್ಟಿದ ಹಾಗೆ ತುಂಬಿದ ಸದ್ದು. ಕೆಳಗಿನ ಹುಲ್ಲು ಬಂಗಾರದ ಬಣ್ಣದಲ್ಲೇ ಇದ್ದು ಬರಬರುತ್ತ ಬಿಳಿಚಿಕೊಳ್ಳುತ್ತದೆ. ಬೂಷ್ಟು ಹಿಡಿದ ಕಡೆ ಹುಲ್ಲು ಸಡಿಲವಾಗಿಯೇ ಉಳಿದು, ಕಂದಿ, ಒತ್ತಿದರೆ ಕುಸಿಯುತ್ತದೆ.

ಮೂಗಿನ ವಿಷಯದಲ್ಲಿ ನಾನು ಅತ್ತೆಯ ಶಿಷ್ಯೆ. ಅವರಿಗೆ ಶಿಲೀಂಧ್ರದ ಪಾಠ ಯಾರೂ ಹೇಳಿಲ್ಲ, ಕಣ್ಣೂ ಈಗ ಮಂಜು. ಗೋದಾಮಿನ ಬಾಗಿಲು ತೆರೆದ ತಕ್ಷಣ ನಿಂತು, "ಇಲ್ಲೆಲ್ಲೋ ಮಳೆಗೆ ನೆನೆದ ಬಣವೆ ಇದೆಯಲ್ಲೇ" ಎನ್ನುತ್ತಾರೆ. ಹುಡುಕಿದರೆ ಹಿಂದಿನ ಸಾಲಿನಲ್ಲಿ ಒಂದು ಹಸಿರು ಚೀಲ ಇದ್ದೇ ಇರುತ್ತದೆ. ಒಳ್ಳೆಯ ಚೀಲಕ್ಕೆ ತಿಳಿಯಾದ ವಾಸನೆ, ಆಗ ತಾನೇ ಮುರಿದ ಅಣಬೆಯದು, ಕೊನೆಯಲ್ಲಿ ತುಸು ಸಿಹಿ. ಬೂಷ್ಟಿನದು ಮುಚ್ಚಿಟ್ಟ ಹಳೆಯ ಹಾಸಿಗೆಯ ಮುಗ್ಗು ವಾಸನೆ. ಮೂರನೆಯದೊಂದಿದೆ: ಹಳಸಿದ ಅನ್ನದ ಹುಳಿ ನಾತ, ಜೊತೆಗೆ ಹುಲ್ಲು ಲೋಳೆ. ಅದು ಬೂಷ್ಟಲ್ಲ, ಬ್ಯಾಕ್ಟೀರಿಯಾ. ಹುಲ್ಲಿನಲ್ಲಿ ನೀರು ಹೆಚ್ಚಾಗಿದೆ ಎಂದು ಅರ್ಥ. ಚೀಲಕ್ಕೆ ಮೂಗು ಹಚ್ಚಿ ಮೂಸಬೇಡಿ, ಬೀಜಕಣ ನೇರವಾಗಿ ಎದೆಗೆ ಹೋಗುತ್ತದೆ. ಅತ್ತೆಯ ಹಾಗೆ ಬಾಗಿಲಲ್ಲಿ ನಿಂತರೆ ಸಾಕು.

ಬಣ್ಣ ಬಂದ ಮೇಲೆ

ಬಣ್ಣ ಕಂಡ ಮೇಲೆ ವಾದವಿಲ್ಲ, ಹೆಸರು ಗುರುತಿಸುವುದಷ್ಟೇ. ಮೊದಲು ತಿಳಿಹಸಿರಾಗಿ ಆಮೇಲೆ ಎಲೆಹಸಿರಾಗುವುದು ಟ್ರೈಕೊಡರ್ಮ. ನೀಲಿ ಬೆರೆತ ಹಸಿರು ಹೆಚ್ಚಾಗಿ ಪೆನಿಸಿಲಿಯಂ. ಹಳದಿ ಹಸಿರು ಮತ್ತು ಕಪ್ಪು ಆಸ್ಪರ್ಜಿಲಸ್ ಜಾತಿಗಳು. ಉಳ್ಳಾಗಡ್ಡಿಯ ಸಿಪ್ಪೆ ಸುಲಿದಾಗ ಕೈಗೆ ಹತ್ತುವ ಕಪ್ಪು ಪುಡಿ ಅದೇ ಮನೆತನದ್ದು. ಬೂದು ಬಣ್ಣದ ಉದ್ದ ಕೂದಲು, ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಕಪ್ಪು ಚುಕ್ಕೆ ಇದ್ದರೆ ರೈಜೋಪಸ್, ಬ್ರೆಡ್ಡಿನ ಮೇಲೆ ಎಲ್ಲರೂ ನೋಡಿರುವುದು.

ಕಿತ್ತಳೆ ಬಣ್ಣದ್ದು ನ್ಯೂರೋಸ್ಪೊರ. ಬೇಯಿಸಿ ತಿಂದು ಬಿಸಾಡಿದ ಮೆಕ್ಕೆಜೋಳದ ದಿಂಡಿನ ಮೇಲೆ ಎರಡೇ ದಿನದಲ್ಲಿ ಕುಂಕುಮ ಚೆಲ್ಲಿದ ಹಾಗೆ ಬರುತ್ತದೆ. ವಿಚಿತ್ರವೆಂದರೆ ಬಿಸಿಯೇ ಅದರ ಒಂದು ಬಗೆಯ ಬೀಜಕಣವನ್ನು ಎಬ್ಬಿಸುತ್ತದೆ; ಬೆಂಕಿ ಬಿದ್ದ ಗಿಡಗಳ ಮೇಲೆ ಅದು ಮೊದಲು ಕಾಣಿಸಿಕೊಳ್ಳುವುದು ಹಾಗಾಗಿ. ವಿಜ್ಞಾನಿಗಳಿಗೆ ಇದು ಬೇಕಾದ ಜೀವಿ. ಬೀಡಲ್ ಮತ್ತು ಟೇಟಮ್ ಎಂಬಿಬ್ಬರು 1941ರಲ್ಲಿ ಇದರ ಮೇಲೆ ಮಾಡಿದ ಪ್ರಯೋಗಕ್ಕೆ 1958ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಚೀಲದಲ್ಲಿ ಬಂದರೆ ನನಗೆ ಮಾತ್ರ ಇದರಷ್ಟು ಭಯ ಯಾವುದಕ್ಕೂ ಇಲ್ಲ, ಮುಟ್ಟಿದರೆ ಪುಡಿ ಹೊಗೆಯಂತೆ ಏಳುತ್ತದೆ.

ತೆಳ್ಳಗೆ ಉದ್ದವಾಗಿ ಎದ್ದು ಒಂದೇ ದಿನದಲ್ಲಿ ಮಸಿಯಾಗಿ ಸೋರುವ ಅಣಬೆ ಕಂಡರೆ ಅದು ಬೂಷ್ಟಲ್ಲ, ಆದರೆ ನಿಮ್ಮದೂ ಅಲ್ಲ. ಹುಲ್ಲು ಸರಿಯಾಗಿ ಬೆಂದಿಲ್ಲ ಎಂಬ ದೂರು ಅದು. ಕಿತ್ತು ಎಸೆಯಿರಿ, ತಿನ್ನಬೇಡಿ.

ಸುಳ್ಳು ಭಯಗಳೂ ಕೆಲವಿವೆ, ಅರ್ಧ ಫೋನುಗಳು ಇವಕ್ಕೇ ಬರುತ್ತವೆ. ಬಿಳಿ ಹಬ್ಬಿದ ಚೀಲದೊಳಗೆ ಜೇನಿನ ಬಣ್ಣದ ಹನಿಗಳು ನಿಂತರೆ ಗಾಬರಿಯಾಗಬೇಡಿ. ಎಳೆಯೇ ಹೊರಹಾಕುವ ನೀರು ಅದು. ಬಹಳ ಕೂಡಿದರೆ ಮಾತ್ರ ಅಡಿಯಲ್ಲಿ ಸಣ್ಣ ತೂತು ಮಾಡಿ ಇಳಿಸಿ. ಅಣಬೆಯ ಬುಡದಲ್ಲಿ, ಕೆಲವೊಮ್ಮೆ ಕೊಡೆಯ ನಡುವೆ ಕೂಡ ಬಿಳಿ ತುಪ್ಪಳ ಬರುತ್ತದೆ. ಗಿರಾಕಿಗಳು ಅದನ್ನು ಕಂಡು ಪೊಟ್ಟಣ ವಾಪಸು ಕೊಟ್ಟದ್ದುಂಟು. ಅದೂ ಅಣಬೆಯ ಎಳೆಯೇ. ಕೋಣೆಯಲ್ಲಿ ಗಾಳಿಯಾಡದೆ ಇಂಗಾಲದ ಡೈಆಕ್ಸೈಡ್ ಕೂಡಿದಾಗ ಹಾಗೆ ಮತ್ತೆ ಎಳೆ ಬಿಡುತ್ತದೆ. ಕಿಟಕಿ ತೆರೆಯಿರಿ. ಗುಲಾಬಿ ಚಿಪ್ಪು ಅಣಬೆ ಬೆಳೆಸುವವರಿಗೆ ಎಳೆಯಲ್ಲೇ ಗುಲಾಬಿ ಛಾಯೆ ಕಂಡೀತು, ಅದು ಆ ಜಾತಿಯ ಮೈಬಣ್ಣ.

ಇಷ್ಟಾದರೂ ಬಗೆಹರಿಯದಿದ್ದರೆ ಹತ್ತಿಕಡ್ಡಿ ಇದೆ. ಚೀಲವನ್ನು ಅಂಗಳದ ಆಚೆ ಗಾಳಿ ಬೀಸುವ ದಿಕ್ಕು ನೋಡಿ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅನುಮಾನದ ಮಚ್ಚೆಯ ಮೇಲೆ ಒದ್ದೆ ಹತ್ತಿಕಡ್ಡಿಯನ್ನು ಮೆಲ್ಲನೆ ಉರುಳಿಸಿ. ಹತ್ತಿಗೆ ಬಣ್ಣದ ಪುಡಿ ಹತ್ತಿದರೆ ಬೂಷ್ಟು. ಪೆಟ್ಟಾಗಿಯೋ ಒಣಗಿಯೋ ಬಣ್ಣಗೆಟ್ಟ ಎಳೆಯಾದರೆ ಹತ್ತಿ ಬೆಳ್ಳಗೇ ಬರುತ್ತದೆ. ಆ ಚೀಲ ಮತ್ತೆ ಒಳಗೆ ಬರುವುದು ಬೇಡ, ಏನೇ ಆಗಿದ್ದರೂ.

ಮೈದುನನ ಡ್ರಮ್ಮು

ಈಗ ನನ್ನ ಆಗಸ್ಟ್ ತಿಂಗಳ ಕಥೆ. ನಮ್ಮ ಮೈದುನ ಕುಷ್ಟಗಿ ಕಡೆ ದಾಳಿಂಬೆ ತೋಟವನ್ನು ಲಾವಣಿಗೆ ಹಿಡಿದಿದ್ದಾನೆ. ದಾಳಿಂಬೆ ಸೊರಗು ರೋಗಕ್ಕೆ ಬೇರಿನ ಸುತ್ತ ಹಾಕಲೆಂದು ಟ್ರೈಕೊಡರ್ಮ ಪುಡಿ ತಂದು, ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಮನೆಯ ಪಡುವಣ ಬೇವಿನ ಮರದ ಕೆಳಗೆ ಗೋಣಿ ಮುಚ್ಚಿಟ್ಟಿದ್ದ. ಉಳಿದ ಪುಡಿ ಡ್ರಮ್ಮಿನಲ್ಲಿತ್ತು. ರೈತನಿಗೆ ಅದು ಮಿತ್ರ ಶಿಲೀಂಧ್ರ. ಮಣ್ಣಿನಲ್ಲಿ ಬೇರು ಕೊಳೆಸುವ ಶಿಲೀಂಧ್ರಗಳ ಎಳೆಗೆ ತನ್ನ ಎಳೆ ಸುತ್ತಿ, ಅದರ ಗೋಡೆ ಕರಗಿಸಿ ತಿನ್ನುತ್ತದೆ. ಶೇಂಗಾ, ಕಡಲೆ ಬೀಜೋಪಚಾರಕ್ಕೂ ಅದನ್ನೇ ಬಳಸುತ್ತೇವೆ.

ನನ್ನ ಅಣಬೆಯೂ ಶಿಲೀಂಧ್ರವೇ ಅಲ್ಲವೇ? ಅದು ನನಗೆ ಹೊಳೆಯಲೇ ಇಲ್ಲ. ಗೋದಾಮಿನ ಕಿಟಕಿ ಪಡುವಣಕ್ಕೇ ಇದೆ. ಆಗಸ್ಟ್‌ನಲ್ಲಿ ಗಾಳಿ ಬೀಸುವುದೂ ಅತ್ತಲಿಂದಲೇ. ಮೈದುನ ಒಂದು ಸಂಜೆ ಗೊಬ್ಬರ ತಿರುವಿ ಹಾಕಿದ. ಅದೇ ಹೊತ್ತಿಗೆ ನಾನು ಒಳಗೆ 60 ಚೀಲ ತುಂಬುತ್ತಿದ್ದೆ. ಗೊಬ್ಬರ ತಿರುವಿದ ಕೈಯಲ್ಲೇ ಅವನು ನನಗೆ ಹುಲ್ಲಿನ ಬುಟ್ಟಿಯನ್ನೂ ಎತ್ತಿಕೊಟ್ಟ. ಒಳ್ಳೆಯ ಹುಡುಗ, ಕರೆದರೆ ಇಲ್ಲ ಎನ್ನುವುದಿಲ್ಲ.

ಮೂರನೇ ದಿನ ನೋಡಿದರೆ ಚೀಲಗಳ ಮೇಲ್ಭಾಗದಲ್ಲಿ ಬಿಳಿ ಭರಭರನೆ ಹಬ್ಬುತ್ತಿತ್ತು. ಯಾವತ್ತೂ ಅಷ್ಟು ಬೇಗ ಹಬ್ಬಿರಲಿಲ್ಲ. ಈ ಸಲದ ಬೀಜ ಬಹಳ ಚೆನ್ನಾಗಿದೆ ಎಂದು ಮನೆಯವರ ಮುಂದೆ ಹೇಳಿಕೊಂಡು ಓಡಾಡಿದೆ. ಕಾಳುಗಳ ಸುತ್ತ ನೋಡಲೇ ಇಲ್ಲ. ನೋಡಿದ್ದರೆ ಅವು ಇನ್ನೂ ಮಂಕಾಗಿಯೇ ಇದ್ದದ್ದು ಕಾಣುತ್ತಿತ್ತು. ಐದನೇ ದಿನ ಬೆಳಿಗ್ಗೆ ಬಾಗಿಲು ತೆರೆದರೆ 23 ಚೀಲ ಹಸಿರು. ನಾನು ಬೀಜಕ್ಕೆ ಬೈದೆ, ಮಳೆಗೆ ಬೈದೆ. ಡ್ರಮ್ಮಿನ ಮೇಲೆ ಅಂಟಿಸಿದ್ದ ಚೀಟಿ ಓದಿದ್ದು ಅತ್ತೆಗೆ ಓದಿ ಹೇಳುವಾಗ. "ಅಲ್ಲವೇ ತಂಗಿ, ಬೆಕ್ಕನ್ನು ಮನೆಯಲ್ಲಿಟ್ಟುಕೊಂಡು ಹಾಲು ತೆರೆದಿಟ್ಟೆಯಲ್ಲ" ಎಂದರು.

ಈಗ ಡ್ರಮ್ಮು ತೋಟದಲ್ಲೇ ಇರುತ್ತದೆ. ಮೈದುನ ತೋಟದಿಂದ ಬಂದರೆ ಮೀಯದೆ ಗೋದಾಮಿನ ಕಡೆ ಬರುವಂತಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಟ್ರೈಕೊಡರ್ಮ ಬಳಸುತ್ತಿದ್ದರೆ ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಹಾಳಾದ ಚೀಲವನ್ನು ಏನು ಮಾಡಬೇಕು? ಬಾಯಿ ಬಿಚ್ಚಬೇಡಿ. ದಿನದ ಕೆಲಸವೆಲ್ಲ ಮುಗಿದ ಮೇಲೆ, ಒಳ್ಳೆಯ ಚೀಲಗಳಿಗೆ ನೀರು ಹೊಡೆದು ಮುಗಿಸಿದ ಮೇಲೆ, ಹಾಳಾದದ್ದನ್ನು ಇನ್ನೊಂದು ಚೀಲದೊಳಗೆ ಇಳಿಸಿ ಕಟ್ಟಿ ಹೊರಗೆ ಒಯ್ಯಿರಿ. ಮರಳಿ ಅದೇ ಕೈಯಲ್ಲಿ ಒಳಗೆ ಬರಬೇಡಿ. ದೂರದಲ್ಲಿ ಗುಂಡಿ ತೋಡಿ ಹೂಳಿ, ಇಲ್ಲವೇ ದೂರದ ಹೊಲದ ಗೊಬ್ಬರಕ್ಕೆ ಸೇರಿಸಿ. ನಮ್ಮ 23 ಚೀಲಗಳನ್ನು ಮೈದುನ ಸಂತೋಷದಿಂದ ದಾಳಿಂಬೆಗೆ ಒಯ್ದ. ಚೀಲ ಪೂರ್ತಿ ಬೆಳ್ಳಗೆ ಗಟ್ಟಿಯಾದ ಮೇಲೆ ಒಂದು ಮೂಲೆಯಲ್ಲಿ ಮಾತ್ರ ಹಸಿರು ಬಂದರೆ ನಾನು ಎಸೆಯುವುದಿಲ್ಲ. ಬೇರೆ ಕಡೆ ಇಟ್ಟು ಒಂದು ಬೆಳೆ ತೆಗೆದುಕೊಳ್ಳುತ್ತೇನೆ, ಹಸಿರಿನ ಹತ್ತಿರದ ಅಣಬೆ ಬಿಟ್ಟು. ಮೊದಲ ವಾರದಲ್ಲಿ ಹಸಿರು ಕಂಡರೆ ಕರುಣೆ ತೋರಿಸುವುದಿಲ್ಲ.

ಬೂಷ್ಟು ಬರುವುದಕ್ಕೆ ಗಾಳಿಗಿಂತ ಹುಲ್ಲೇ ಹೆಚ್ಚು ಕಾರಣ. ನಮ್ಮ ಕಡೆ ನೆಲ್ಲು ಹುಲ್ಲಿಗೆ ಬರವಿಲ್ಲ, ಆದರೆ ಯಂತ್ರದಲ್ಲಿ ಕೊಯ್ದು ಗದ್ದೆಯಲ್ಲೇ ಬಿಟ್ಟು ಒಂದು ಮಳೆ ಕಂಡ ಹುಲ್ಲು ನನಗೆ ಪುಕ್ಕಟೆ ಕೊಟ್ಟರೂ ಬೇಡ. ಈ ವರ್ಷದ, ಹಳದಿ ಮಿಂಚುವ, ಮುರಿದರೆ ಚಟ್ಟನೆ ಸದ್ದು ಬರುವ ಹುಲ್ಲು ಬೇಕು. ಎರಡು ಅಂಗುಲಕ್ಕೆ ಕತ್ತರಿಸಿ ರಾತ್ರಿ ನೆನೆಹಾಕುತ್ತೇನೆ. ಬೆಳಿಗ್ಗೆ 70ರಿಂದ 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ. ಮೊದಲ ವರ್ಷ ಹಂಡೆಯ ನೀರಿಗೆ ಬೆರಳು ಅದ್ದಿ ಅಂದಾಜು ಮಾಡುತ್ತಿದ್ದೆ. ನೀರು ಬಿಸಿಯಾಗಿರುತ್ತಿತ್ತು, ಒತ್ತಿ ತುಂಬಿದ ಗೋಣಿಚೀಲದ ನಡುವಿನ ಹುಲ್ಲು ಬೆಚ್ಚಗೂ ಆಗಿರುತ್ತಿರಲಿಲ್ಲ. ಈಗ ಥರ್ಮಾಮೀಟರನ್ನು ಹುಲ್ಲಿನ ನಡುವಿಗೆ ಚುಚ್ಚಿ, ಅಲ್ಲಿ 70 ಮುಟ್ಟಿದ ಮೇಲೆ ಗಂಟೆ ಎಣಿಸುತ್ತೇನೆ. ಆಮೇಲೆ ಹರಡಿ ನೀರಿಳಿಸಿ, ಒಂದು ಹಿಡಿ ಹುಲ್ಲನ್ನು ಬಲವಾಗಿ ಹಿಂಡಬೇಕು: ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಈ ಹಿಂಡುವ ಪರೀಕ್ಷೆಯನ್ನು ಅವಸರದಲ್ಲಿ ಬಿಟ್ಟ ದಿನವೇ ಹುಳಿ ನಾತದ ಚೀಲಗಳು ಹುಟ್ಟುವುದು.

ಅಡುಗೆಮನೆಯಲ್ಲಿ ಇದೇ ತಿಳಿವಳಿಕೆ ಒಂದು ಕಡೆ ಬಹಳ ಮುಖ್ಯ. ಬ್ರೆಡ್ಡಿನ ಮೇಲಿನ ಹಸಿರನ್ನು ಕೆರೆದು ಉಳಿದದ್ದನ್ನು ತಿನ್ನುವವರಿದ್ದಾರೆ. ಮೇಲೆ ಕಾಣುವುದು ಪುಡಿ ಮಾತ್ರ, ಎಳೆ ಒಳಗೆಲ್ಲ ಇಳಿದಿರುತ್ತದೆ. ನಮ್ಮ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದಿರುವುದು ಅದರಲ್ಲಿ ಎಳೆಗೆ ಬೇಕಾದ ನೀರೇ ಇಲ್ಲದ್ದರಿಂದ. ಶೇಂಗಾ ವಿಷಯದಲ್ಲಂತೂ ತಮಾಷೆಯಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಅವು ತಿಂದ ಶೇಂಗಾ ಹಿಂಡಿಯಲ್ಲಿ ಹಳದಿ ಹಸಿರು ಆಸ್ಪರ್ಜಿಲಸ್ ಬಿಟ್ಟ ವಿಷ. ಅಫ್ಲಾಟಾಕ್ಸಿನ್ ಎಂಬ ಆ ವಿಷ ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಶೇಂಗಾವನ್ನು ದನಕ್ಕೂ ಹಾಕಬೇಡಿ.

ಮಾರ್ಚ್ ಮುಗಿಯುವಾಗ ನಾನು ಚಿಪ್ಪು ಅಣಬೆ ನಿಲ್ಲಿಸುತ್ತೇನೆ. ಚೀಲದ ಒಳಗೆ ಕೋಣೆಗಿಂತ ಹೆಚ್ಚು ಬಿಸಿ ಇರುತ್ತದೆ; 30 ಡಿಗ್ರಿ ದಾಟಿತೆಂದರೆ ಎಳೆ ಸೊರಗಿ ಬೂಷ್ಟು ಗೆಲ್ಲುತ್ತದೆ. ಹೊರಗೆ 40 ದಾಟುವ ನಮ್ಮ ಬೇಸಿಗೆಗೆ ಹಾಲು ಅಣಬೆಯೇ ಸರಿ, ಅದಕ್ಕೆ 30ರಿಂದ 35 ಹಿತ. ಆದರೆ ಹಾಲು ಅಣಬೆಗೆ ಚೀಲದ ಮೇಲೆ ಮಣ್ಣಿನ ಹೊದಿಕೆ ಬೇಕು, ಹಾಗಾಗಿ ಬಿಳಿಯನ್ನು ನೋಡುವ ಬಗೆ ಅಲ್ಲಿ ತುಸು ಬೇರೆ. ಹತ್ತು ದಿನದ ಹೊತ್ತಿಗೆ ಮಣ್ಣಿನ ಬಿರುಕುಗಳಿಂದ ದಪ್ಪ ಬಿಳಿ ಎಳೆಗಳು ಕೆಳಗಿನಿಂದ ಮೇಲಕ್ಕೆ ಬಂದರೆ ಅವು ನಿಮ್ಮವು. ರಾತ್ರಿ ಬೆಳಗಾಗುವುದರೊಳಗೆ ಮಣ್ಣಿನ ಮೇಲೆ ಜೇಡರ ಬಲೆಯಂಥ ಬೂದು ಪರದೆ ಹಾಸಿ, ಸಿಕ್ಕ ಮೊಗ್ಗುಗಳನ್ನೆಲ್ಲ ಮುಚ್ಚುತ್ತ ಹೋದರೆ ಅದು ಬೂಷ್ಟು. ಊದಬೇಡಿ, ನೀರು ಹೊಡೆಯಬೇಡಿ. ಹನಿ ಬಿದ್ದ ಕಡೆಯಿಂದ ಬೀಜಕಣ ಹಾರುತ್ತದೆ. ಒದ್ದೆ ಕಾಗದವನ್ನು ಮೆಲ್ಲನೆ ಅದರ ಮೇಲೆ ಹಾಸಿ, ಕಾಗದದ ಮೇಲೆ ಉಪ್ಪು ದಟ್ಟವಾಗಿ ಸುರಿದು, ಅಂಚಿನಾಚೆಗೂ ಎರಡು ಬೆರಳು ಮುಚ್ಚಿ, ಮರುದಿನ ಕೆಳಗಿನ ಮಣ್ಣಿನ ಸಮೇತ ಎತ್ತಿ ತೆಗೆಯಿರಿ. ಆ ಗುಣಿಗೆ ಹಬೆಯಲ್ಲಿ ಬೇಯಿಸಿ ಆರಿಸಿದ ಹೊಸ ಮಣ್ಣು ತುಂಬಿದರೆ ಆಯಿತು.